ಅಡಿಕೆ ಶೆಡ್ಡಿನಲ್ಲಿ ಕಟ್ಟಿಕೊಂಡ ನೆಲ ಬಿಡದ ಶಾಟ್

ಬ್ಯಾಸ್ಕೆಟ್‌ಬಾಲಿನಲ್ಲಿ ಹಾರದೆ ಮೂರು ಪಾಯಿಂಟಿನ ಶಾಟ್ (ದೂರದ ಗೆರೆಯ ಹೊರಗಿನಿಂದ ಹೊಡೆಯುವುದು) ಹೊಡೆಯಲು ಸಾಧ್ಯವೇ ಇಲ್ಲ ಎಂದು ನನಗೆ ಹೇಳಿದವರಲ್ಲಿ ಇಬ್ಬರು ಕೋಚ್‌ಗಳು, ಒಬ್ಬ ಫಿಸಿಯೋ, ಹತ್ತು ವರ್ಷ ನನ್ನ ಜೊತೆ ಆಡಿದ ಸೆಂಟರ್ (ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ) ಮತ್ತು ನನ್ನ ಒಡಹುಟ್ಟಿದ ಅಣ್ಣ ಇದ್ದಾರೆ. ಅಣ್ಣನಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ. ಅಭಿಪ್ರಾಯಕ್ಕೆ ಮಾತ್ರ ಕೊರತೆಯಿರಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಎಂಟು ವರ್ಷ ನಾನು ಅದೇ ಶಾಟ್ ನಂಬಿಕೊಂಡು ಕಚೇರಿಯ ತಂಡದಲ್ಲಿ ಆಡಿದೆ, ನಡುವೆ ಎರಡು ಸೀಸನ್ ವೃತ್ತಿಪರ ಲೀಗಿನಲ್ಲೂ ಆಡಿದೆ. ನಲವತ್ತು ಹತ್ತಿರವಾಗುವವರೆಗೆ ಆಟವೇ ನನಗೆ ಅನ್ನ ಹಾಕಿತು. ಈಗ ಹುಡುಗರು ಫೋನ್ ಮಾಡಿ "ಅದು ಹೇಗೆ ಸರ್" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಮೊಣಕೈ ಎಲ್ಲಿರಬೇಕು, ಫಾಲೋ ಥ್ರೂ ಹೇಗಿರಬೇಕು ಎಂಬ ಮೂಲಪಾಠ ಇಲ್ಲಿ ಸಿಗುವುದಿಲ್ಲ. ಅದು ನಿಮಗೆ ಗೊತ್ತಿದೆ ಎಂದೇ ಹಿಡಿದಿದ್ದೇನೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗಿರುವ ಊರು. ಎರಡು ಎಕರೆ ಚಿಲ್ಲರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ನಾನು ಆರು ಅಡಿ ಒಂದಿಂಚು. ಹಳೆಯ ಮನೆಯ ಬಾಗಿಲುಗಳಿಗೆಲ್ಲ ಹಣೆ ಬಡಿಸಿಕೊಳ್ಳಲು ಸಾಕಾಗುವ ಎತ್ತರ, ರಾಷ್ಟ್ರಮಟ್ಟದ ಫಾರ್ವರ್ಡ್ ಆಗಲು ಸಾಲದ ಎತ್ತರ. ಆ ಕೊರತೆಯನ್ನು ಜಿಗಿತದಿಂದ ತುಂಬಿಸಿಕೊಂಡಿದ್ದೆ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದಾಗ ಆಟ ಹಿಡಿಸಿತು, ಅಲ್ಲಿಂದ ಬೆಂಗಳೂರಿನ ವಿದ್ಯಾನಗರದ ಕ್ರೀಡಾ ವಸತಿ ನಿಲಯ, ಅಲ್ಲಿಂದ ಕ್ರೀಡಾ ಕೋಟಾದಲ್ಲಿ ಒಂದು ಸಾರ್ವಜನಿಕ ಸಂಸ್ಥೆಯ ನೌಕರಿ. ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬದುಕುವುದೆಂದರೆ ಬಹುಮಟ್ಟಿಗೆ ಇದೇ. ರೈಲ್ವೆ, ಸರ್ವಿಸಸ್ (ಸೇನಾಪಡೆಗಳ ತಂಡ), ಐಒಬಿ ಬ್ಯಾಂಕು, ತೈಲ ಕಂಪನಿ ಒಎನ್‌ಜಿಸಿ ಇಂಥ ತಂಡಗಳ ಸುತ್ತಲೇ ದಶಕಗಳಿಂದ ಆಟ ಉಳಿದಿದೆ. ಬೆಳಿಗ್ಗೆ ಅಭ್ಯಾಸ, ಹನ್ನೊಂದಕ್ಕೆ ಕಚೇರಿ, ಸಂಜೆ ಮತ್ತೆ ಅಭ್ಯಾಸ, ತಿಂಗಳ ಕೊನೆಗೆ ಗುಮಾಸ್ತನ ಸಂಬಳ.

ನಾನು ಸೇರಿದಾಗ ಕೈಗೆ ಒಂಬತ್ತು ಸಾವಿರದ ಆಸುಪಾಸು ಬರುತ್ತಿತ್ತು. ಅದರ ಜೊತೆಗೆ ರಜೆ ಹಾಕಿ ಅಲ್ಲಿ ಇಲ್ಲಿ ಆಹ್ವಾನಿತ ಪಂದ್ಯಾವಳಿಗಳಿಗೆ ಗೆಸ್ಟ್ ಆಟಗಾರನಾಗಿ ಹೋಗುತ್ತಿದ್ದೆ. ಎರಡು ಮೂರು ಸಾವಿರ ರೂಪಾಯಿ, ಬಸ್ ಚಾರ್ಜು, ರಾತ್ರಿ ಭರ್ಜರಿ ಊಟ. ಗೆದ್ದರೆ ಲಕೋಟೆ ಸ್ವಲ್ಪ ದಪ್ಪ. ಮದುವೆಯ ಖರ್ಚಿನಲ್ಲಿ ಮೂರನೇ ಒಂದು ಪಾಲು ಅಂಥ ಲಕೋಟೆಗಳಿಂದ ಬಂದದ್ದು ಎಂದರೆ ಹೆಂಡತಿ ಇವತ್ತಿಗೂ ನಂಬುವುದಿಲ್ಲ.

2012ರಲ್ಲಿ ಫಾಸ್ಟ್ ಬ್ರೇಕಿನಲ್ಲಿ (ಎದುರಾಳಿಗಳು ಸೇರುವ ಮೊದಲೇ ಓಡುವ ದಾಳಿ) ರಿಂಗಿನ ಹತ್ತಿರ ಹಾರಿ ಲೇ ಅಪ್ ಹಾಕಿ ಇಳಿಯುವಾಗ ಎಡ ಮೊಣಕಾಲು ಒಳಗೆ ತಿರುಗಿತು. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಪೂರ್ತಿ ಹರಿದಿತ್ತು, ಮೆನಿಸ್ಕಸ್ ಎಂಬ ಮೆತ್ತೆ ಅರ್ಧ. ಶಸ್ತ್ರಚಿಕಿತ್ಸೆ ಮತ್ತು ಫಿಸಿಯೋಥೆರಪಿ ಸೇರಿ ಒಂದು ಲಕ್ಷ ಅರವತ್ತು ಸಾವಿರದ ಮೇಲಾಯಿತು. ಕಚೇರಿಯಿಂದ ಅದರಲ್ಲಿ ಅರ್ಧದಷ್ಟು ವಾಪಸ್ ಬಂತು, ಅದೂ ಒಂದೂವರೆ ವರ್ಷ ಫೈಲಿನ ಹಿಂದೆ ಓಡಾಡಿದ ಮೇಲೆ. ಅಷ್ಟರೊಳಗೆ ನನ್ನನ್ನು ಟಪಾಲು ವಿಭಾಗದಲ್ಲಿ ಕೂರಿಸಿದ್ದರು. ಬಂದ ಪತ್ರಕ್ಕೆ ಮೊಹರು ಒತ್ತುವುದು, ರಿಜಿಸ್ಟರಿನಲ್ಲಿ ಬರೆಯುವುದು. ತಂಡದ ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಲು ನನ್ನ ಮೇಜಿನ ಮೇಲೇ ಬರುತ್ತಿತ್ತು. ನನ್ನ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ವಯಸ್ಸು ಇಪ್ಪತ್ತೊಂಬತ್ತು.

ಕಾಲು ಕೂಡಿಕೊಂಡಿತು, ಜಿಗಿತ ವಾಪಸ್ ಬರಲಿಲ್ಲ. ಮೊದಲು ಇಪ್ಪತ್ತೈದು ಇಪ್ಪತ್ತಾರು ಇಂಚು ಏಳುತ್ತಿದ್ದವನು ಈಗ ಹದಿನಾರು ಹದಿನೇಳಕ್ಕೆ ನಿಂತಿದ್ದೆ. ಇಳಿಯುವಾಗಿನ ಭಯ ಬೇರೆ. ಅದರ ಮೇಲೆ 2010ರಲ್ಲಿ ಬ್ಯಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆ ಫೀಬಾ ಮೂರು ಪಾಯಿಂಟಿನ ಗೆರೆಯನ್ನು 6.25 ಮೀಟರಿನಿಂದ 6.75 ಮೀಟರಿಗೆ ತಳ್ಳಿತ್ತು. ಅರ್ಧ ಮೀಟರ್ ಎಂದರೆ ಕೇಳಲು ಸಣ್ಣದು. ಜಂಪ್ ಶಾಟ್ (ಹಾರಿ ಹೊಡೆಯುವ ಶಾಟ್) ನಂಬಿದವನ ಕಾಲು ಸೋತಾಗ ಆ ಅರ್ಧ ಮೀಟರಿನಲ್ಲೇ ಚೆಂಡು ರಿಂಗಿನ ಮುಂದಿನ ಅಂಚಿಗೆ ಬಡಿಯುತ್ತದೆ. ಹಾಗಿದ್ದರೆ ಹಾರುವುದನ್ನೇ ಬಿಟ್ಟು, ನೆಲದ ಮೇಲೆ ನಿಂತು, ಎದುರಾಳಿ ಕೈ ಎತ್ತುವ ಮೊದಲೇ ಚೆಂಡು ಬಿಡುವ ಶಾಟ್ ಕಟ್ಟಿದರೆ ಹೇಗೆ? ಶಾಟ್ ತಡೆಯಲು ಎತ್ತರ ಮಾತ್ರ ಸಾಲದು, ಸಮಯವೂ ಬೇಕಲ್ಲ. ಇದನ್ನು ಹೇಳಿದಾಗ ಆಗಿನ ಕೋಚ್ ಸರ್, "ಅದು ಅಜ್ಜಿಯರ ಕಾಲದ ಶಾಟ್, ಈಗಿನ ಡಿಫೆನ್ಸ್ ಅದನ್ನು ನುಂಗುತ್ತದೆ" ಎಂದರು. ಫಿಸಿಯೋ ಸೌಮ್ಯವಾಗಿ ಅದನ್ನೇ ಹೇಳಿದರು.

2013ರ ಮಳೆಗಾಲಕ್ಕೆ ಉಳಿದಿದ್ದ ಗಳಿಕೆ ರಜೆ ಮತ್ತು ಒಂದಿಷ್ಟು ಸಂಬಳವಿಲ್ಲದ ರಜೆ ಸೇರಿಸಿ ಊರಿಗೆ ಬಂದೆ. ಮಳೆಗಾಲದಲ್ಲೇ ಯಾಕೆ ಎಂದರೆ ದೊಡ್ಡ ಪಂದ್ಯಾವಳಿಗಳು ಕಡಿಮೆ ಇರುವ ಕಾಲ ಅದು, ತಂಡದವರು ಹುಡುಕುವುದಿಲ್ಲ. ಆದರೆ ನಮ್ಮ ಕಡೆ ಆರಿದ್ರಾ ಮಳೆ ಹಿಡಿದರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ ಬಯಲಿನಲ್ಲಿ ಚೆಂಡು ಹಿಡಿಯುವ ಮಾತೇ ಇಲ್ಲ. ಶಿವಮೊಗ್ಗದ ಒಳಾಂಗಣಕ್ಕೆ ಹೋಗಿ ಬರಲು ದಿನವೆಲ್ಲ ಬಸ್ಸಿನಲ್ಲೇ ಕಳೆಯಬೇಕಿತ್ತು, ಹೋದರೂ ಶಟಲ್ ಆಡುವವರು ಜಾಗ ಹಿಡಿದಿರುತ್ತಿದ್ದರು. ಒಂದು ವಾರ ಪ್ರಯತ್ನಿಸಿ ಕೈಬಿಟ್ಟೆ.

ಕೊಟ್ಟಿಗೆಯ ಪಕ್ಕದ ಹಳೆಯ ಅಡಿಕೆ ಮನೆಯಲ್ಲಿ ರಿಂಗ್ ಹಾಕಿದೆ. ಮಾಡು (ಚಾವಣಿ) ಹನ್ನೆರಡು ಅಡಿ ಎತ್ತರ. ರಿಂಗ್ ಇರುವುದೇ ಹತ್ತು ಅಡಿಯಲ್ಲಿ. ಚೆಂಡು ಮಾಡಿಗೆ ತಾಗದಂತೆ ಹೊಡೆಯಬೇಕಾದರೆ ಚಪ್ಪಟೆಯಾಗಿ ಹೊಡೆಯಬೇಕು. ಚಪ್ಪಟೆ ಬಂದ ಚೆಂಡಿಗೆ ರಿಂಗ್ ಕಿರಿದಾಗುತ್ತದೆ. ರಿಂಗಿನ ಒಳಗಲ 45 ಸೆಂಟಿಮೀಟರ್, ಚೆಂಡಿನ ಅಗಲ 24ರ ಹತ್ತಿರ. 30 ಡಿಗ್ರಿಯಲ್ಲಿ ಬಂದರೆ ಚೆಂಡಿಗೆ ಕಾಣುವ ಬಾಯಿ ಇಪ್ಪತ್ತೆರಡೂವರೆ ಸೆಂಟಿಮೀಟರ್ ಅಷ್ಟೇ, ಅಂಚಿಗೆ ತಾಗದೆ ಒಳಗೆ ಹೋಗಲು ದಾರಿಯೇ ಇಲ್ಲ. 45 ಡಿಗ್ರಿಗೆ ಅದೇ ಬಾಯಿ 32ರ ಹತ್ತಿರ ಅಗಲವಾಗುತ್ತದೆ. ಎರಡು ಮೂರು ವಾರ ಆ ಕತ್ತಲೆ ಮನೆಯಲ್ಲಿ ಹೊಡೆದು ನಾನು ಪಡೆದದ್ದು ಹಾಳಾದ ಆರ್ಕ್ (ಚೆಂಡು ಗಾಳಿಯಲ್ಲಿ ಬಾಗಿ ಹೋಗುವ ಕಮಾನು) ಮತ್ತು ಒಡೆದ ಹತ್ತಿಪ್ಪತ್ತು ಹೆಂಚು. ಹೆಂಚಿನ ದುಡ್ಡನ್ನು ಅಪ್ಪಯ್ಯ ಲೆಕ್ಕ ಬರೆದಿಟ್ಟರು.

ಆಗ ಹೊಸ ಶೆಡ್ಡಿನ ಯೋಚನೆ ಬಂತು. ಅಣ್ಣ, "ಮಾರಾಯ, ಚೆಂಡು ಎಸೆಯಲು ಯಾರಾದರೂ ಮೂರು ಲಕ್ಷದ ಚಪ್ಪರ ಹಾಕುತ್ತಾರೆಯೇ?" ಎಂದ. ನಾನು ಲೆಕ್ಕವನ್ನು ತಿರುಗಿಸಿ ಇಟ್ಟೆ. ಅಡಿಕೆ ಕೊಯ್ಲು ಶುರುವಾಗುವುದು ನವರಾತ್ರಿಯ ಹೊತ್ತಿಗೆ. ಅಕಾಲದ ಮಳೆಗೆ ಪ್ರತಿವರ್ಷ ಅಂಗಳದ ಅಡಿಕೆ ಬೂಷ್ಟು ಹಿಡಿದು ರಾಶಿ ಎಂಬ ಒಳ್ಳೆಯ ದರ್ಜೆಗೆ ಹೋಗಬೇಕಾದದ್ದು ಗೊರಬಲು ಎಂಬ ಕಡಿಮೆ ದರ್ಜೆಯ ಬೆಲೆಗೆ ಹೋಗುತ್ತಿತ್ತು. ಅಕ್ಟೋಬರಿನಿಂದ ಫೆಬ್ರವರಿವರೆಗೆ ಶೆಡ್ ಅಣ್ಣನದು, ಜೂನಿನಿಂದ ಸೆಪ್ಟೆಂಬರ್‌ವರೆಗೆ ನನ್ನದು. ಸೊಸೈಟಿಯಲ್ಲಿ ಅಡಿಕೆ ಸಂಸ್ಕರಣೆಯ ಹೆಸರಿನಲ್ಲಿ ಸಾಲ ಸಿಕ್ಕಿತು. ಬ್ಯಾಸ್ಕೆಟ್‌ಬಾಲ್ ಎಂದು ಅರ್ಜಿಯಲ್ಲಿ ಬರೆದಿದ್ದರೆ ಕಾರ್ಯದರ್ಶಿ ನಕ್ಕು ಚಹಾ ಕುಡಿಸಿ ಕಳಿಸುತ್ತಿದ್ದರು.

ನಲವತ್ತೈದು ಅಡಿ ಉದ್ದ, ಇಪ್ಪತ್ತೆಂಟು ಅಡಿ ಅಗಲ, ಕಡಿಮೆ ಎಂದರೆ ಹದಿನೆಂಟು ಅಡಿ ಎತ್ತರ. ಜಿಐ ಪೈಪು, ಶೀಟು, ವೆಲ್ಡಿಂಗ್ ಕೂಲಿ, ಕಾಂಕ್ರೀಟ್ ನೆಲ ಎಲ್ಲ ಸೇರಿ ಮೂರೂಕಾಲು ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ನನ್ನ ಭವಿಷ್ಯ ನಿಧಿಯ ಮುಂಗಡ ಒಂದು ಲಕ್ಷ. ಮಳೆ ನಡುವೆಯೇ ಕೆಲಸ ಮಾಡಿಸಿದ್ದಕ್ಕೆ ಕೂಲಿ ದುಬಾರಿ. ರಿಂಗು ಮತ್ತು ಬೋರ್ಡಿನ ಚೌಕಟ್ಟನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಪರಿಚಯದ ವೆಲ್ಡರ್ ಮಾಡಿಕೊಟ್ಟರು. ಅವರು ಲಾರಿ ಚಾಸಿಗೆ ಕೆಲಸ ಮಾಡುವವರು, ಆ ರಿಂಗಿಗೆ ಆನೆ ನೇತುಬಿದ್ದರೂ ಏನೂ ಆಗುವುದಿಲ್ಲ. ಬೋರ್ಡಿಗೆ ಅಕ್ರಿಲಿಕ್ ಹಾಕುವಷ್ಟು ದುಡ್ಡಿರಲಿಲ್ಲ, ದಪ್ಪ ಪ್ಲೈವುಡ್ಡಿಗೆ ಮೂರು ಕೋಟು ಬಣ್ಣ ಬಳಿದೆ. ಎರಡೇ ಮಳೆಗಾಲಕ್ಕೆ ಅದು ಹಪ್ಪಳವಾಯಿತು, ಬದಲಾಯಿಸಿದೆ.

ಎತ್ತರದ ಶೆಡ್ಡಿನ ಶತ್ರು ಇರಚಲು. ಪಶ್ಚಿಮದಿಂದ ಗಾಳಿ ಬೀಸಿದರೆ ನೀರು ಅರ್ಧ ಶೆಡ್ಡಿನವರೆಗೆ ಬರುತ್ತದೆ. ನೀಲಿ ತಾಡಪಾಲು ಕಟ್ಟಿದೆವು, ಗಾಳಿ ಅದನ್ನು ಹರಿದು ತೋಟದಲ್ಲಿ ಹಾಕಿತು. ಕೊನೆಗೆ ಅಪ್ಪಯ್ಯ ಹೇಳಿದ ಹಾಗೆ ಸೋಗೆಯ ತಟ್ಟಿ ಹೆಣೆದು ಕಟ್ಟಿದ ಮೇಲೆ ನಿಂತಿತು. ಗಾಳಿ ತಟ್ಟಿಯಲ್ಲಿ ನುಸುಳುತ್ತದೆ, ನೀರು ಅಲ್ಲೇ ಇಳಿಯುತ್ತದೆ. ನೆಲಕ್ಕೆ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜದಿದ್ದರೆ ಪಾಚಿ. ಕಸಿ ಮಾಡಿದ ಮೊಣಕಾಲಿನವನಿಗೆ ಪಾಚಿ ಎಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಚೆಂಡಿನ ಗೋಳು ಬೇರೆ. ಪಂದ್ಯದಲ್ಲಿ ಬಳಸುವ ಮೋಲ್ಟನ್ ಕಂಪನಿಯ ಚೆಂಡು ಆಗಲೇ ನಾಲ್ಕು ಸಾವಿರದ ಮೇಲಿತ್ತು. ನಮ್ಮ ತೇವಕ್ಕೆ ನಾಲ್ಕೇ ದಿನದಲ್ಲಿ ಮೇಲ್ಮೈ ಜಿಗುಟಾಗಿ, ಆಮೇಲೆ ಬೂಷ್ಟು ಹಿಡಿಯುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಹಲಸಿನ ಹಪ್ಪಳದ ಡಬ್ಬಿಗಳ ಪಕ್ಕ ಇಟ್ಟು ನೋಡಿದೆ. ಒಣಗಿತೇನೋ ಒಣಗಿತು, ಒಂದು ತಿಂಗಳಲ್ಲಿ ಸಿಪ್ಪೆ ಬಿರಿಯಿತು, ಹೊಗೆಯ ವಾಸನೆ ಕೈಯಿಂದ ಹೋಗಲಿಲ್ಲ. ಆಮೇಲೆ ಅಕ್ಕಿ ಮೂಟೆಯ ಮೇಲೆ ಹಳೆಯ ಕಂಬಳಿ ಹಾಸಿ ಅದರಲ್ಲಿ ಸುತ್ತಿಡುವ ಪದ್ಧತಿ ಹಿಡಿಯಿತು. ದಿನದ ಹೊಡೆತಕ್ಕೆ ಅಗ್ಗದ ರಬ್ಬರ್ ಚೆಂಡು, ಕೊನೆಯ ಐವತ್ತು ಶಾಟ್‌ಗೆ ಮಾತ್ರ ಒಳ್ಳೆಯ ಚೆಂಡು. ಒದ್ದೆ ಹವೆಯಲ್ಲಿ ಬೆರಳು ಜಾರದಿರಲು ಅಂಗೈಗೆ ಹಚ್ಚಿಕೊಳ್ಳುವ ಒಂದು ವಸ್ತುವಿದೆ. ನಮ್ಮ ತೋಟದಲ್ಲೇ ಸಿಗುತ್ತದೆ. ಹೆಸರು ಹೇಳುವುದಿಲ್ಲ, ನಾನು ಮಾಸ್ಟರ್ಸ್ (ಹಿರಿಯ ವಯಸ್ಸಿನವರ) ಪಂದ್ಯಗಳಲ್ಲಿ ಇನ್ನೂ ಆಡುತ್ತಿದ್ದೇನೆ.

ಈಗ ಶಾಟ್. ಮೊದಲ ಕೆಲಸ ಆರ್ಕ್ ಸರಿಪಡಿಸುವುದು. ಶೆಡ್ಡಿಗೆ ಅಡ್ಡಲಾಗಿ, ನಾನು ನಿಲ್ಲುವ ಜಾಗಕ್ಕೂ ರಿಂಗಿಗೂ ಸುಮಾರು ನಡುವೆ, ಹದಿನಾಲ್ಕು ಅಡಿ ಎತ್ತರದಲ್ಲಿ ಒಂದು ಹಗ್ಗ ಕಟ್ಟಿ ಅದಕ್ಕೆ ಒಣಗಿದ ಅಡಿಕೆ ಹಾಳೆಯ ಸೀಳುಗಳನ್ನು ಸಾಲಾಗಿ ತೂಗುಹಾಕಿದೆ. ಚೆಂಡು ಹಗ್ಗದ ಮೇಲಿಂದ ಹೋಗಬೇಕು. ಕೆಳಗಿಂದ ಹೋದರೆ ಹಾಳೆಗಳು ಗಲಗಲ ಸದ್ದು ಮಾಡುತ್ತವೆ. ಶೀಟಿನ ಮೇಲೆ ಮಳೆ ಸುರಿಯುವಾಗ ಬೇರೆ ಏನೂ ಕೇಳುವುದಿಲ್ಲ, ಚೆಂಡು ಪುಟಿಯುವುದೂ ಕೇಳುವುದಿಲ್ಲ, ಹಾಳೆಯ ಸದ್ದು ಮಾತ್ರ ಕೇಳುತ್ತದೆ. 6.75ರಿಂದ ಆ ಹಗ್ಗ ದಾಟಬೇಕಾದರೆ ಚೆಂಡು 50 ಡಿಗ್ರಿಯ ಹತ್ತಿರ ಕೈ ಬಿಡಲೇಬೇಕು. ವಿದೇಶದಲ್ಲಿ ಇದಕ್ಕೆ ಕ್ಯಾಮೆರಾ ಇಟ್ಟು ಕೋನ ಹೇಳುವ ಯಂತ್ರಗಳಿವೆ, ಲಕ್ಷಗಟ್ಟಲೆ ಬೆಲೆ. ನನ್ನದಕ್ಕೆ ಹಗ್ಗದ ನಲವತ್ತು ರೂಪಾಯಿ.

ಎರಡನೆಯದು ಪಾದ. ಚೆಂಡು ಕೈಗೆ ಬಂದ ಮೇಲೆ ಮೊಣಕಾಲು ಬಗ್ಗಿಸುವುದು ಎಲ್ಲರ ಅಭ್ಯಾಸ. ನಾನು ಚೆಂಡು ಗಾಳಿಯಲ್ಲಿರುವಾಗಲೇ ಬಗ್ಗಿ ಕಾಯುವುದನ್ನು ಕಲಿತೆ. ಚೆಂಡು ಮುಟ್ಟುವ ಹೊತ್ತಿಗೆ ಕಾಲು ಏಳಲು ಶುರುವಾಗಿರಬೇಕು. ಭಾರ ಸೊಂಟದಲ್ಲಿ, ಮೊಣಕಾಲಿನಲ್ಲಿ ಅಲ್ಲ; ಕೊನೆಗೆ ಹಿಮ್ಮಡಿ ಮಾತ್ರ ಏಳುತ್ತದೆ, ಬೆರಳು ನೆಲದಲ್ಲೇ. ಪಾಸ್ ಕೊಡಲು ಅಣ್ಣನ ಮಗನನ್ನು ದಿನಕ್ಕೆ ಇಪ್ಪತ್ತು ರೂಪಾಯಿ ಕೂಲಿಗೆ ಹಿಡಿದೆ. ಎರಡನೇ ವಾರ ಅವನು ಮೂವತ್ತಕ್ಕೆ ಏರಿಸಿದ. ಪಾಸ್ ಕೆಟ್ಟದಾಗಿ ಕೊಡುತ್ತಿದ್ದ, ಒಮ್ಮೆ ಮೊಣಕಾಲಿಗೆ, ಒಮ್ಮೆ ತಲೆಯ ಮೇಲೆ. ಪಂದ್ಯದಲ್ಲಿ ಬರುವ ಪಾಸ್‌ಗಳೂ ಹಾಗೇ ಇರುತ್ತವೆಯಾದ್ದರಿಂದ ತಿದ್ದಲು ಹೋಗಲಿಲ್ಲ.

ಮೂರನೆಯದು ಕೈ. ಇಲ್ಲಿಯೇ ಹೆಚ್ಚು ಕಾಲ ಸಿಕ್ಕಿಬಿದ್ದೆ. ವೇಗಕ್ಕಾಗಿ ಚೆಂಡನ್ನು ಕೆಳಗೆ ಇಳಿಸದೆ ಹಿಡಿದ ಎತ್ತರದಿಂದಲೇ ಬಿಡತೊಡಗಿದೆ. ಎಲ್ಲ ಶಾಟ್ ಗಿಡ್ಡ. ಒಂದು ಅಡಿ, ಒಂದೂವರೆ ಅಡಿ ಗಿಡ್ಡ. ಶಕ್ತಿ ಬೇಕೆಂದು ಭುಜ ಹಾಕಿದರೆ ದಿಕ್ಕು ತಪ್ಪುತ್ತಿತ್ತು. ತೋಳಿಗೆ ಬಲ ಬರಲೆಂದು ಹಳೆಯ ಚರ್ಮದ ಚೆಂಡನ್ನು ರಾತ್ರಿ ಬಾನಿಯಲ್ಲಿ ನೆನೆಸಿಟ್ಟು ಭಾರ ಮಾಡಿ ಹೊಡೆದೆ, ಹತ್ತು ಹನ್ನೆರಡು ದಿನಕ್ಕೆ ಮಣಿಕಟ್ಟು ಊದಿತು, ಒಂದು ವಾರ ಎಣ್ಣೆ ಹಚ್ಚಿಕೊಂಡು ಕೂತೆ. ಆಮೇಲೆ ಗುರಿ ಸೂಕ್ಷ್ಮವಾಗಲೆಂದು ವೆಲ್ಡರ್ ಹತ್ತಿರ ಮೂವತ್ತೆಂಟು ಸೆಂಟಿಮೀಟರಿನ ಸಣ್ಣ ರಿಂಗ್ ಮಾಡಿಸಿದೆ. ಕೆಲವರು ಅದನ್ನು ಹೊಗಳುತ್ತಾರೆ. ನನಗೆ ಅದು ಒಗ್ಗಲಿಲ್ಲ. ಒಳಗೆ ಹಾಕುವ ಆಸೆಗೆ ಚೆಂಡನ್ನು ಮೇಲಕ್ಕೆ ಎಸೆಯುವ ಚಟ ಬಂತು, ದೊಡ್ಡ ರಿಂಗಿಗೆ ಮರಳಿದಾಗ ಉದ್ದ ಹೋಗತೊಡಗಿತು. ಆ ಸಣ್ಣ ರಿಂಗಿನಲ್ಲಿ ಈಗ ಅತ್ತಿಗೆ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಾರೆ.

ಹಾದಿ ಸಿಕ್ಕಿದ್ದು ಚೆಂಡನ್ನು ಅರ್ಧ ಮಾತ್ರ ಇಳಿಸುವುದರಲ್ಲಿ. ಎದೆಯ ಕೆಳಗೆ ಹೋಗಬಾರದು, ಎದೆಗೆ ಬಂದು ನಿಲ್ಲಬಾರದು, ಮುಟ್ಟಿ ಏಳಬೇಕು. ಆ ಇಳಿತ ಮತ್ತು ಹಿಮ್ಮಡಿಯ ಏರಿಕೆ ಒಂದೇ ಕ್ಷಣಕ್ಕೆ ಕೂಡಿದರೆ ಚೆಂಡು ತಾನೇ ಹೋಗುತ್ತದೆ, ತೋಳಿಗೆ ಗೊತ್ತೇ ಆಗುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ತೆಗೆದು ಫ್ರೇಮ್ ಎಣಿಸುತ್ತಿದ್ದೆ. ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ, ಹಿಡಿದಲ್ಲಿಂದ ಬಿಡುವವರೆಗೆ ಮೊದಲು ಇಪ್ಪತ್ತು ಇಪ್ಪತ್ತೊಂದು ಫ್ರೇಮ್ ಆಗುತ್ತಿತ್ತು. ಮಖಾ ಮಳೆಯ ಹೊತ್ತಿಗೆ ಹದಿನಾಲ್ಕಕ್ಕೆ ಬಂತು, ಎಂದರೆ ಅರ್ಧ ಸೆಕೆಂಡಿಗಿಂತ ಚೂರು ಕಡಿಮೆ. ಜಂಪ್ ಶಾಟ್ ಹೊಡೆಯುತ್ತಿದ್ದ ಕಾಲದಲ್ಲಿ ನನ್ನದು ಯಾವತ್ತೂ ಅಷ್ಟು ಬೇಗ ಇರಲಿಲ್ಲ. ದಿನಕ್ಕೆ ಮುನ್ನೂರರಿಂದ ನಾನೂರು ಶಾಟ್, ಎರಡು ಹೊತ್ತಿನಲ್ಲಿ. ನಡುವೆ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವ ದಿನ ಬಂದರೆ ಅಭ್ಯಾಸಕ್ಕೆ ರಜೆ. ಕೊಳೆರೋಗ ಕಾಯುವುದಿಲ್ಲ, ಮೈಲುತುತ್ತು ಸುಣ್ಣ ಕಲಸಲು ನಾನೇ ಬೇಕು ಎಂದು ಅಣ್ಣನ ಷರತ್ತು.

ಇದರ ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಅಮೆರಿಕದ ಎನ್‌ಬಿಎ ಲೀಗಿನ ಹಳೆಯ ಆಟಗಾರ ರಿಕ್ ಬ್ಯಾರಿ ಎರಡು ಕೈಯಿಂದ ಕೆಳಗಿನಿಂದ ಎಸೆದು ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಹೊಡೆಯುವ ಶಾಟ್) ಹಾಕುತ್ತಿದ್ದರು, ವೃತ್ತಿಜೀವನದ ಸರಾಸರಿ ಶೇ 90ರ ಹತ್ತಿರ. ಗದ್ದೆಗೆ ಗೊಬ್ಬರ ಎಸೆಯುವ ಭಂಗಿ. ಮೊಣಕಾಲಿಗೆ ಹಗುರ ಎಂದು ಪ್ರಯತ್ನಿಸಿದೆ. ಆಶ್ಚರ್ಯವೆಂದರೆ ಒಂದೇ ವಾರದಲ್ಲಿ ಹತ್ತಕ್ಕೆ ಎಂಟು ಒಂಬತ್ತು ಬೀಳತೊಡಗಿತು. ಕಚೇರಿ ತಂಡದಲ್ಲಿ ಅದನ್ನು ಹೊಡೆಯಲು ಕೋಚ್ ಸರ್ ಒಪ್ಪಲಿಲ್ಲ. ತೀರ್ಥಹಳ್ಳಿಯಲ್ಲಿ ಒಂದು ಹೊನಲು ಬೆಳಕಿನ ಪಂದ್ಯದಲ್ಲಿ ಮಾತ್ರ ಹೊಡೆದೆ. ಜನ ಸಿಳ್ಳೆ ಹಾಕಿ ನಕ್ಕರು. ಎರಡೂ ಬಿತ್ತು. ನಕ್ಕವರು ಮುಂದಿನ ಫ್ರೀ ಥ್ರೋಗೆ ಸುಮ್ಮನಿದ್ದರು. ಅದನ್ನು ಅಲ್ಲಿಗೇ ಬಿಟ್ಟೆ, ಮುಖ್ಯ ಕೆಲಸ ಬೇರೆ ಇತ್ತು.

ಸೆಪ್ಟೆಂಬರಿನಲ್ಲಿ ವಾಪಸ್ ಹೋಗಿ ತಂಡದ ಆಯ್ಕೆ ಅಭ್ಯಾಸದಲ್ಲಿ ನಿಂತೆ. ಹುಡುಗರು ನಕ್ಕರು. ಮೊದಲ ಅಭ್ಯಾಸ ಪಂದ್ಯದಲ್ಲಿ ಆರಕ್ಕೆ ನಾಲ್ಕು ಹಾಕಿದ ಮೇಲೆ ನಗು ಕಡಿಮೆಯಾಯಿತು. ಮುಂದಿನ ಪಂದ್ಯದಲ್ಲಿ ಒಬ್ಬ ಉದ್ದನೆಯ ಹುಡುಗ ನನ್ನ ಶಾಟ್ ಮೂರು ಸಲ ಬಡಿದು ಹಾಕಿದ. ಕೋಚ್ ಸರ್ ಏನೂ ಹೇಳದೆ ನನ್ನನ್ನು ನೋಡಿದರು, ಆ ನೋಟವನ್ನು ಇವತ್ತಿಗೂ ಅನುಕರಿಸಿ ತೋರಿಸಬಲ್ಲೆ.

ಶೆಡ್ಡಿನಲ್ಲಿ ಡಿಫೆಂಡರ್ ಇರಲಿಲ್ಲವಲ್ಲ. ಅರ್ಧ ಸೆಕೆಂಡಿನ ಶಾಟ್‌ಗೆ ಎದುರಾಳಿ ಕನಿಷ್ಠ ಒಂದೂವರೆ ಎರಡು ಹೆಜ್ಜೆ ದೂರ ಇರಬೇಕು. ಆ ಎರಡು ಹೆಜ್ಜೆಯನ್ನು ಚೆಂಡು ಬರುವ ಮೊದಲೇ ಸಂಪಾದಿಸಬೇಕು, ಡ್ರಿಬ್ಲಿಂಗ್ ಮಾಡಿ ಅಲ್ಲ. ಹೀಗೆ ನನ್ನ ಆಟವೇ ಬದಲಾಯಿತು. ಚೆಂಡು ಇಲ್ಲದೆ ಓಡುವುದು, ಸೆಂಟರ್ ಹಾಕುವ ಸ್ಕ್ರೀನಿನ (ಎದುರಾಳಿಗೆ ದೇಹ ಅಡ್ಡವಿಟ್ಟು ನಿಲ್ಲುವುದು) ಭುಜಕ್ಕೆ ಉಜ್ಜಿಕೊಂಡು ಹೊರಬರುವುದು, ಮೂಲೆಗೆ ಇಳಿಯುವುದು. ಮೂಲೆಯಲ್ಲಿ ಗೆರೆ ರಿಂಗಿಗೆ 6.60ರಷ್ಟು ಹತ್ತಿರ ಇರುವುದು ನನ್ನ ಕಾಲಿಗೆ ವರ. ಸ್ಕ್ರೀನಿನ ಯಾವ ಕಡೆ ಹೊರಬರಬೇಕೆಂದು ನಾನು ಎದುರಾಳಿಯ ದೇಹದ ಒಂದು ಭಾಗ ನೋಡಿ ತೀರ್ಮಾನಿಸುತ್ತೇನೆ. ಕಣ್ಣಲ್ಲ, ಪಾದವೂ ಅಲ್ಲ. ಅಷ್ಟು ಸುಳಿವು ಸಾಕು.

ಮುಂದಿನ ವರ್ಷದ ಅಂಕಿಗಳು ನೆನಪಿನಿಂದ: ಮೂರು ಪಾಯಿಂಟಿನ ಶಾಟ್ ಗಾಯಕ್ಕೆ ಮೊದಲು ನೂರಕ್ಕೆ ಇಪ್ಪತ್ತೈದು ಇಪ್ಪತ್ತಾರು ಬೀಳುತ್ತಿದ್ದದ್ದು ನಲವತ್ತರ ಆಚೀಚೆ ಬಂತು. ಫ್ರೀ ಥ್ರೋ ಅರವತ್ತೈದರಿಂದ ಎಂಬತ್ತೈದಕ್ಕೆ. ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯುವುದು) ಬಿದ್ದುಹೋಯಿತು, ಲೇ ಅಪ್ ಬಹುತೇಕ ನಿಂತುಹೋಯಿತು, ಪಂದ್ಯಕ್ಕೆ ಹದಿನೈದು ಹದಿನಾರು ನಿಮಿಷ ಮಾತ್ರ ಆಡುತ್ತಿದ್ದೆ. ಮೊದಲು ಪಂದ್ಯಕ್ಕೆ ಹದಿನೆಂಟು ಪಾಯಿಂಟ್ ಹಾಕುತ್ತಿದ್ದವನು ಹತ್ತು ಹನ್ನೊಂದಕ್ಕೆ ಇಳಿದೆ. ಆದರೆ ಆ ಹತ್ತು ಕೊನೆಯ ಕ್ವಾರ್ಟರಿನಲ್ಲಿ ಬರುತ್ತಿತ್ತು. ಅಜ್ಜಿ ಶಾಟ್ ಎಂದ ಕೋಚ್ ಸರ್ ಮೂರನೇ ವರ್ಷ ಕಿರಿಯರಿಗೆ ನನ್ನ ಪಾದ ತೋರಿಸಿ ಪಾಠ ಮಾಡಿದರು. ಅದರ ವಿಡಿಯೋ ನನ್ನ ಮೊಬೈಲಿನಲ್ಲಿ ಇದೆ.

ಶೆಡ್ಡಿನ ಸಾಲವನ್ನು ಆಟ ತೀರಿಸಲಿಲ್ಲ, 2014ರಲ್ಲಿ ಏಕಾಏಕಿ ಏರಿದ ಅಡಿಕೆ ಧಾರಣೆ ತೀರಿಸಿತು. ಆ ವರ್ಷ ನಮ್ಮ ಮಾಲು ಮಳೆಗೆ ಸಿಗದೆ ಶೆಡ್ಡಿನಲ್ಲಿ ಒಣಗಿತ್ತು. ಅಣ್ಣ ಅಂದಿನಿಂದ ಶೆಡ್ ತನ್ನದೇ ಯೋಚನೆ ಎಂದು ಊರಲ್ಲಿ ಹೇಳಿಕೊಂಡು ಬಂದಿದ್ದಾನೆ. ವೃತ್ತಿಪರ ಲೀಗಿನವರು ಸೀಸನ್‌ಗೆ ಒಂದು ಲಕ್ಷದ ಮೇಲೆ ಮಾತಾಡಿದ್ದರು. ಮೊದಲ ವರ್ಷ ಪೂರ್ತಿ ಬಂತು, ಎರಡನೇ ವರ್ಷದ್ದರಲ್ಲಿ ಸ್ವಲ್ಪ ಇನ್ನೂ ಬರಬೇಕಾಗಿದೆ, ಬರುವುದಿಲ್ಲ. ಆದರೂ ಆ ಎರಡು ಸೀಸನ್ ಹೋಟೆಲಿನ ಐಸ್ ಬಾತ್, ತಂಡದ ಫಿಸಿಯೋ, ಟಿವಿಯಲ್ಲಿ ಹೆಸರು, ಇವೆಲ್ಲ ಸಿಕ್ಕಿದವು. ಅಮ್ಮ ಟಿವಿಯಲ್ಲಿ ನೋಡಿ "ಎಲ್ಲರೂ ಹಾರುತ್ತಾರೆ, ನೀನೊಬ್ಬ ಯಾಕೆ ನಿಂತಿರುತ್ತೀಯ?" ಎಂದು ಕೇಳಿದರು.

ನಾನು ಸೇರಿದ ಕಾಲಕ್ಕೂ ಬಿಟ್ಟ ಕಾಲಕ್ಕೂ ಆಟ ಬಹಳ ಬದಲಾಗಿದೆ. ನನ್ನ ಸೀನಿಯರ್‌ಗಳು 30 ಸೆಕೆಂಡಿನ ಗಡಿಯಾರ (ಅಷ್ಟರೊಳಗೆ ತಂಡ ಶಾಟ್ ಹೊಡೆಯಬೇಕು), ಇಪ್ಪತ್ತು ನಿಮಿಷದ ಎರಡು ಅರ್ಧಗಳ ಕಾಲದವರು. 2000ದಲ್ಲಿ 24 ಸೆಕೆಂಡ್, ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಬಂತು. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಎನ್‌ಬಿಎ ತಂಡ ಡಲ್ಲಾಸ್ ಮಾವೆರಿಕ್ಸ್ ಆ ವರ್ಷದ ಆಯ್ಕೆಯಲ್ಲಿ 52ನೆಯವರಾಗಿ ಆರಿಸಿಕೊಂಡ ದಿನ ನಮ್ಮ ಅಭ್ಯಾಸವೇ ನಡೆಯಲಿಲ್ಲ, ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಏಳಡಿ ದಾಟಿದ ಹುಡುಗ. ನನ್ನ ಎತ್ತರದವರಿಗೆ ಅದರಲ್ಲಿ ಕಲಿಯುವುದು ಕಡಿಮೆ. ನಾನು ಹೆಚ್ಚು ಕಲಿತದ್ದು 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನೋಡಿ. ಭಾರತ ಬಿ ಡಿವಿಷನ್ ಗೆದ್ದದ್ದು ಒಂದು ಕಡೆ. ಮೇಲಿನ ಡಿವಿಷನ್ನಿನ ತಂಡಗಳ ಹುಡುಗಿಯರು ಹೆಚ್ಚು ಜಿಗಿಯದೆ, ಕಾಲು ಮೊದಲೇ ಸಿದ್ಧ ಮಾಡಿಕೊಂಡು ದೂರದಿಂದ ಒಂದರ ಹಿಂದೆ ಒಂದು ಹಾಕುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಹಳೆಯ ಸೆಂಟರ್‌ಗೆ ಮೊಣಕೈಯಿಂದ ತಿವಿದೆ.

ಹಾರದ ಶಾಟ್‌ಗೆ ಇನ್ನೂ ಲಾಭದ ಜಾಗ ಮೂವರ ಆಟ, ಅಂದರೆ ತಂಡಕ್ಕೆ ಮೂವರಂತೆ ಒಂದೇ ರಿಂಗಿಗೆ ಆಡುವ 3x3. ಐವರ ಆಟದಲ್ಲಿ ಹೊರಗಿನ ಶಾಟ್‌ಗೆ ಮೂರು, ಒಳಗಿನದ್ದಕ್ಕೆ ಎರಡು. ಮೂವರ ಆಟದಲ್ಲಿ ಹೊರಗಿನದ್ದಕ್ಕೆ ಎರಡು, ಒಳಗಿನದ್ದಕ್ಕೆ ಒಂದು. ಗೆರೆ ಅದೇ, ಬೆಲೆ ನೇರ ದುಪ್ಪಟ್ಟು. ಗಡಿಯಾರ 12 ಸೆಕೆಂಡ್, 21 ಪಾಯಿಂಟಿಗೆ ಅಥವಾ ಹತ್ತು ನಿಮಿಷಕ್ಕೆ ಆಟ ಮುಗಿಯುತ್ತದೆ. ಚೆಂಡು ಆರನೇ ಸೈಜು, ತೂಕ ಮಾತ್ರ ಐವರ ಪುರುಷರ ಆಟದ ಏಳನೇ ಸೈಜಿನದ್ದು. ಸಣ್ಣ ಚೆಂಡು ರಿಂಗಿನಲ್ಲಿ ಇನ್ನೂ ಸಡಿಲವಾಗಿ ಕೂರುತ್ತದೆ. ಟೋಕಿಯೋದಲ್ಲಿ ಇದು ಒಲಿಂಪಿಕ್ಸಿಗೆ ಸೇರಿದ ಮೇಲೆ ನಮ್ಮಲ್ಲೂ ಪಂದ್ಯಾವಳಿಗಳು ಹೆಚ್ಚಿವೆ. ಮೊಣಕಾಲು ಕೆಟ್ಟವರು ಐವರ ಆಟದಿಂದ ಹೊರಬಿದ್ದ ತಕ್ಷಣ ಅದನ್ನು ನೋಡಿ. ಒಂದು ಎಚ್ಚರಿಕೆ: ವಿಶ್ರಾಂತಿ ಕಡಿಮೆ, ತಳ್ಳಾಟ ಹೆಚ್ಚು. ನಾನು ಮೂವತ್ತೆಂಟರಲ್ಲಿ ಅದನ್ನು ಆಡಿ ಮೂರನೇ ಪಂದ್ಯದ ಹೊತ್ತಿಗೆ ಅಂಕಣದ ಪಕ್ಕ ಮಲಗಿದ್ದೆ.

ಸ್ವಯಂ ನಿವೃತ್ತಿ ತೆಗೆದುಕೊಂಡು ಈಗ ಊರಲ್ಲೇ ಇದ್ದೇನೆ. ಪಿಂಚಣಿ ಅಷ್ಟಕ್ಕಷ್ಟೆ, ತೋಟ ನಡೆಸುತ್ತದೆ. ಶೆಡ್ಡಿನಲ್ಲಿ ಮಳೆಗಾಲದ ಸಂಜೆ ತೀರ್ಥಹಳ್ಳಿ, ಕೊಪ್ಪ ಕಡೆಯ ಹತ್ತು ಹನ್ನೆರಡು ಹುಡುಗ ಹುಡುಗಿಯರು ಹೊಡೆಯುತ್ತಾರೆ, ಅವರಲ್ಲಿ ಇಬ್ಬರಿಗೆ ಒಳ್ಳೆಯ ಕಾಲು ಇದೆ. ಕಾಲು ಇದ್ದವರಿಗೆ ಹಾರುವುದನ್ನೇ ಕಲಿಸುತ್ತೇನೆ, ತಪ್ಪು ತಿಳಿಯಬೇಡಿ. ಹಗ್ಗ ಮಾತ್ರ ಎಲ್ಲರಿಗೂ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಹನ್ನೆರಡು ಅಡಿಗೆ ಇಳಿಸಿ ಕಟ್ಟಬೇಕು, ಇಲ್ಲದಿದ್ದರೆ ಭುಜದಿಂದ ಎಸೆಯುವುದನ್ನು ಕಲಿಯುತ್ತಾರೆ. ಹಾಳೆಯನ್ನು ತಿಂಗಳಿಗೊಮ್ಮೆ ಬದಲಾಯಿಸಿ; ತೇವ ಹಿಡಿದ ಹಾಳೆ ಸದ್ದು ಮಾಡುವುದಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರು ಓಡಬಹುದು ಎಂದ ಮೇಲೆಯೇ ಬನ್ನಿ, ಜೊತೆಗೆ ವರದಿ ತನ್ನಿ. ಬರುವವರು ನವರಾತ್ರಿಯ ಒಳಗೆ ಬರಬೇಕು. ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ತೋಟಕ್ಕೆ ಇಳಿದ ದಿನವೇ ಅಣ್ಣ ರಿಂಗ್ ಬಿಚ್ಚಿ ಮೂಲೆಗೆ ಇಡುತ್ತಾನೆ, ಆಮೇಲೆ ಫೆಬ್ರವರಿವರೆಗೆ ನನಗೂ ಅಲ್ಲಿ ಜಾಗವಿಲ್ಲ.